ಇಬ್ಬರ ಸಾಕ್ಷಿ

ಗುಂಡಿಗೆ ಮಣ್ಣು ಎಳೆಯುವುದು ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲೇ ದರ್ಜಿಯೂ ಗಡಿಯಾರ ರಿಪೇರಿಯವನೂ ಬಿಟ್ಟುಬಂದ ಊರಿನ ಮಾತು ತೆಗೆದರು. ಮೇಷ್ಟ್ರ ಮಗಳು ಕೈಯಲ್ಲಿದ್ದ ಹೂವನ್ನು ಪಕ್ಕದವರಿಗೆ ಕೊಟ್ಟು, ಹೋಗಿ ಇಬ್ಬರ ನಡುವೆ ನಿಂತಳು.

"ಮಾವ, ಊರಿನ ವಿಷಯ ಬೇಡ. ಸಾಯಂಕಾಲದವರೆಗೆ ತಡ್ಕೊಳ್ಳಿ."

"ಮೇಷ್ಟ್ರು ಹೋದ್ಮೇಲೂ ನಮ್ಮ ಬಾಯಿಗೆ ಬೀಗ ತಪ್ಪಲಿಲ್ವಲ್ಲಮ್ಮ," ಎಂದ ದರ್ಜಿ. ಗೊಣಗಿದರೂ ಸುಮ್ಮನಾದ. ನಲವತ್ತು ವರ್ಷದ ಅಭ್ಯಾಸ, ಒಂದೇ ಬೆಳಿಗ್ಗೆಗೆ ಬಿಟ್ಟು ಹೋಗುವುದಿಲ್ಲ.

ಆ ಊರಿನಿಂದ ಓಡಿಬಂದವರಲ್ಲಿ ಈಗ ಉಳಿದದ್ದು ಮೂರೇ ಜನ: ಇವರಿಬ್ಬರು, ಮತ್ತು ಊರಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ, ಈಗ ಎಂಬತ್ತು ದಾಟಿದ ಇಸ್ತ್ರಿ ಅತ್ತೆ. ಅತ್ತೆ ದೂರದ ಪಟ್ಟಣದಲ್ಲಿ ಮಗನ ಮನೆಯಲ್ಲಿದ್ದಳು. ಬೆಳಿಗ್ಗೆ ಬಂದವಳು ನಾಲ್ಕು ಗಂಟೆಯ ರೈಲಿಗೆ ವಾಪಸು ಹೊರಡಬೇಕು. ಅಷ್ಟರೊಳಗೆ ಅವಳನ್ನು ಒಂಟಿಯಾಗಿ ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಬೇಕೆಂದು ಮಗಳು ಪಟ್ಟು ಹಿಡಿದಿದ್ದಳು. ಅದಕ್ಕೆ ಮೊದಲು ಈ ಇಬ್ಬರ ಮಾತು ಅತ್ತೆಯ ಕಿವಿಗೆ ಬಿದ್ದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

*

ಮೇಷ್ಟ್ರು ಆ ಊರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದವರು. ಊರು ಸುಟ್ಟಾಗ ಊರಿನ ದಫ್ತರಗಳೂ ಸುಟ್ಟವು. ಮೇಷ್ಟ್ರು ಉಟ್ಟ ಬಟ್ಟೆಯಲ್ಲೇ ಗಡಿ ದಾಟಿದರು. ಈ ದೇಶದಲ್ಲಿ ಅವರಿಗೆ ಸಿಕ್ಕ ಕೆಲಸ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವುದು. ಬೇಸರವಿರಲಿಲ್ಲ ಎಂದರೆ ಸುಳ್ಳು; ಬೇಕಾದಷ್ಟಿತ್ತು. ಆದರೆ ಅದನ್ನೇ ತಬ್ಬಿಕೊಂಡು ಕೂರುವ ಜಾಯಮಾನ ಅವರದಲ್ಲ. ತಮ್ಮ ಊರಿನ ಚರಿತ್ರೆ ಬರೆದು ಇಲ್ಲಿನ ಒಬ್ಬ ಪ್ರೊಫೆಸರರಿಗೆ ತೋರಿಸಿದರು. ಆತ ಹಾಳೆ ತಿರುವಿ, ದಾಖಲೆ ಎಲ್ಲಿ ಎಂದು ಕೇಳಿದ. ಸುಟ್ಟುಹೋಯಿತು ಎಂದರು. ಹಾಗಾದರೆ ಇದು ಕತೆ, ಚೆನ್ನಾಗಿದೆ ಎಂದು ಆತ ಕಾಫಿ ತರಿಸಿದ.

ಕಾಫಿ ಮುಟ್ಟದೆ ಎದ್ದು ಬಂದ ಮೇಷ್ಟ್ರು ಅವತ್ತೇ ಒಂದು ಕಟ್ಟಳೆ ಹಾಕಿಕೊಂಡರು. ಒಬ್ಬರಿಗೆ ನೆನಪಿದ್ದರೆ ಅದು ಕತೆ. ಒಬ್ಬರ ಮಾತು ಇನ್ನೊಬ್ಬರು ಕೇಳದೆ ಇಬ್ಬರೂ ಅದನ್ನೇ ಹೇಳಿದರೆ ಅದು ದಾಖಲೆ. ಹಳೆಯ ಟಿಕೆಟ್ಟುಗಳ ಬೆನ್ನ ಮೇಲೆ ಒಂದೊಂದೇ ನೆನಪು ಬರೆಯುತ್ತಾ ಹೋದರು: ಯಾವ ಬೀದಿಯಲ್ಲಿ ಯಾರ ಅಂಗಡಿ, ಯಾವ ಬಾವಿಯ ನೀರು ಸಪ್ಪೆ. ಒಬ್ಬರ ನೆನಪು ಇನ್ನೊಬ್ಬರಿಗೆ ಅಂಟಬಾರದೆಂದು, ಊರಿನವರು ಒಂದೆಡೆ ಸೇರಿದಾಗ ಊರಿನ ಸುದ್ದಿಗೇ ನಿಷೇಧ. ಊರು ಕಳೆದುಕೊಂಡವರೆಲ್ಲ ಒಂದೇ ಕೋಣೆಯಲ್ಲಿ ಕೂತು ಸೆಖೆಯ ಬಗ್ಗೆ, ಬಸ್ಸಿನ ಬಗ್ಗೆ ಮಾತಾಡಿ ಎದ್ದುಹೋಗುತ್ತಿದ್ದರು.

ಕೊನೆಗೆ ಆರುನೂರು ಪುಟದ ಪುಸ್ತಕವಾಯಿತು. ಮಗಳು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಕೊನೆಯ ಕರಡು ಅವಳ ಹತ್ತಿರವೇ ಇತ್ತು, ನಾಳೆ ಅಚ್ಚಿಗೆ ಹೋಗಬೇಕು. ಅದರಲ್ಲಿ ಪೇಟೆಬೀದಿಯ ಕುಂಟ ಕತ್ತೆಗೂ ಜಾಗವಿತ್ತು. ಚಿಕ್ಕಪ್ಪನಿಗೆ ಮಾತ್ರ ಇರಲಿಲ್ಲ.

ಅಪ್ಪನ ತಮ್ಮ ಓಡಿಬರುವಾಗ ಸತ್ತ ಎಂದಷ್ಟೇ ಅವಳಿಗೆ ಗೊತ್ತು. ಹೋದ ವಾರ ಆಸ್ಪತ್ರೆಯಲ್ಲಿ ಬಿಡದೆ ಕೇಳಿದಾಗ ಅಪ್ಪ ಎಂದಿನಂತೆ ಎರಡು ಸಲ ಸಣ್ಣಗೆ, ಒಂದು ಸಲ ಉದ್ದಕ್ಕೆ ಕೆಮ್ಮಿ, ಜೇಬಿನಿಂದ ಒಂದು ಟಿಕೆಟ್ ತೆಗೆದು ಕೊಟ್ಟರು. ಅದರ ಬೆನ್ನ ಮೇಲೆ ಬರೆದಿತ್ತು: "ಸೇತುವೆಯ ಮೇಲೆ ತಮ್ಮನಿಗೆ ಗುಂಡು ತಗಲಿತು. ಬಿಟ್ಟು ಹೋಗಬೇಡ ಎಂದು ನನ್ನನ್ನು ಕೂಗಿದ. ನಾನು ತಿರುಗಿ ನೋಡಲಿಲ್ಲ." ಎರಡನೇ ಸಾಕ್ಷಿ ಇಲ್ಲ, ಪುಸ್ತಕಕ್ಕೆ ಬರುವುದಿಲ್ಲ ಎಂದರು. ಯಾರನ್ನೂ ಯಾಕೆ ಕೇಳಲಿಲ್ಲ ಎಂದದ್ದಕ್ಕೆ ಗೋಡೆಯ ಕಡೆ ಹೊರಳಿ ಮಲಗಿದರು.

*

ಮನೆಗೆ ಬಂದವಳೇ ಮಗಳು ಗಂಡಸರಿಬ್ಬರನ್ನೂ ಹಜಾರದಲ್ಲಿ ಕೂರಿಸಿ, ಅತ್ತೆಯನ್ನು ಅಪ್ಪನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಪ್ರಶ್ನೆಯಲ್ಲಿ ಉತ್ತರ ಇರಬಾರದು ಎಂಬುದು ಅಪ್ಪನಿಂದ ಕಲಿತದ್ದು. ಸೇತುವೆ ದಾಟಿದ ದಿನ ಏನು ನೋಡಿದಿರಿ ಎಂದಷ್ಟೇ ಕೇಳಿದಳು.

ಅತ್ತೆ ಕರವಸ್ತ್ರವನ್ನು ತೊಡೆಯ ಮೇಲೆ ಹರಡಿ, ಸುಕ್ಕು ನೀವಿ, ಅಂಚಿಗೆ ಅಂಚು ಕೂಡಿಸಿ ಮಡಿಸಿದಳು.

"ಇದನ್ನ ನಿಮ್ಮಪ್ಪ ಯಾವತ್ತೂ ಕೇಳ್ಲಿಲ್ಲ. ಕೇಳಿದ್ರೆ ಏನು ಹೇಳೋದು ಅಂತ ಹೆದರ್ಕೊಂಡೇ ಇದ್ದೆ," ಎಂದಳು. "ಹೊಗೆ ಅಂದ್ರೆ ಹೊಗೆ, ನಮ್ಮ ಕೈ ನಮಗೆ ಕಾಣ್ತಿರ್ಲಿಲ್ಲ. ನಿಮ್ಮ ಚಿಕ್ಕಪ್ಪ ಬಿದ್ದ. ಬಿಟ್ಟು ಹೋಗ್ಬೇಡ ಅಂತ ನನ್ನ ಕೂಗಿದ. ನಾನು ತಿರುಗಿ ನೋಡ್ಲಿಲ್ಲ ಕಣೇ."

"ನಿಮ್ಮನ್ನಾ?"

"ಇನ್ಯಾರನ್ನ? ಪಕ್ಕದ ಮನೆಯವಳು, ತುತ್ತು ಹಾಕಿ ಬೆಳೆಸಿದವಳು ನಾನು. ನಿಮ್ಮಪ್ಪ ಆಗ್ಲೇ ಎಲ್ಲೋ ಮುಂದೆ ಹೋಗಿದ್ದ. ಅವನಿಗೆ ತಿಳಿದ್ರೆ ನನ್ನ ಮುಖ ನೋಡ್ತಿದ್ನಾ?"

ಮಗಳ ಪೆನ್ನು ನಿಂತಿತು. ಕಟ್ಟಳೆಯ ಪ್ರಕಾರ ಅವಳ ಕೆಲಸ ಆಗಿತ್ತು. ಬಿದ್ದದ್ದಕ್ಕೆ ಇಬ್ಬರ ಸಾಕ್ಷಿ, ಕೂಗಿದ್ದಕ್ಕೆ ಇಬ್ಬರ ಸಾಕ್ಷಿ. ಚಿಕ್ಕಪ್ಪ ಪುಸ್ತಕಕ್ಕೆ ಬಂದ. ಅತ್ತೆಯನ್ನು ರೈಲು ಹತ್ತಿಸಿ ಬಂದರಾಯಿತು. ಆದರೆ ಅವಳು ಏಳಲಿಲ್ಲ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೇ ಅಪ್ಪನ ಮೇಲೆ ಕೆಂಡದಂಥ ಸಿಟ್ಟು ಬಂತು. ಒಂದೇ ಕೂಗು ಇಬ್ಬರ ಎದೆಯಲ್ಲೂ ಇತ್ತು, ಎದುರುಬದುರು ಕೂತು ಬಸ್ಸಿನ ಸುದ್ದಿ ಆಡಿದರಲ್ಲ ಎಂದು ಅಳುವೂ ಬಂತು. ಮುಖ ಒರೆಸಿಕೊಂಡು ಬಾಗಿಲು ತೆಗೆದು ದರ್ಜಿಯನ್ನು ಪಕ್ಕಕ್ಕೆ ಕರೆದಳು. ಅದೇ ಪ್ರಶ್ನೆ ಕೇಳಿದಳು.

ದರ್ಜಿ ನೆಲ ನೋಡುತ್ತಾ, ಮೇಷ್ಟ್ರ ತಮ್ಮನೂ ತಾನೂ ಒಂದೇ ಬೆಂಚಿನಲ್ಲಿ ಓದಿದವರು, ಕೂಗಿದ್ದು ತನ್ನನ್ನೇ ಎಂದ. ಗಡಿಯಾರದವನಂತೂ ಪ್ರಶ್ನೆ ಪೂರ್ತಿಯಾಗುವ ಮೊದಲೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮಗಳು ಮೂವರನ್ನೂ ಊಟದ ಮೇಜಿಗೆ ಎಳೆದುತಂದಳು. ಮಡಿಸಿದ ಟವೆಲ್ಲನ್ನು ಮೇಜಿನ ಉದ್ದಕ್ಕೆ ಹಾಸಿ, ಅದರ ಮೇಲೊಂದು ಲೋಟ ಕವುಚಿ ಇಟ್ಟಳು.

"ಇದು ಸೇತುವೆ. ಇದು ಚಿಕ್ಕಪ್ಪ. ಯಾರು ಎಲ್ಲಿದ್ರಿ ತೋರಿಸಿ. ಒಬ್ಬರಿಗೊಬ್ಬರು ಕೇಳೋ ಹಾಗೆ, ಜೋರಾಗಿ ಹೇಳಿ."

"ಮೇಷ್ಟ್ರ ಕಟ್ಟಳೆ ಏನಾಗ್ಬೇಕಮ್ಮ?" ಎಂದ ದರ್ಜಿ.

"ಕಟ್ಟಳೆ ಮೇಷ್ಟ್ರದ್ದು. ಕರಡು ನನ್ನ ಕೈಲಿದೆ."

ಒಬ್ಬೊಬ್ಬರ ಕೈಗೂ ಒಂದೊಂದು ಚಮಚ ಕೊಟ್ಟಳು. ಅತ್ತೆ ತನ್ನ ಚಮಚವನ್ನು ಲೋಟದ ಹತ್ತಿರ ಇಟ್ಟಳು. ದರ್ಜಿ ತನ್ನದನ್ನು ದೂರದಲ್ಲಿಟ್ಟ. ನೀನು ಅಲ್ಲಿರಲಿಲ್ಲ ಕಣೋ, ನೀನು ಹೊತ್ತುಕೊಂಡಿದ್ದ ಹೊಲಿಗೆ ಮಿಷನ್ನು ನನ್ನ ಕಾಲಿಗೆ ತಾಗುತ್ತಿತ್ತು ಎಂದು ಅತ್ತೆ ಅದನ್ನು ಎಳೆದು ತನ್ನದರ ಪಕ್ಕಕ್ಕೆ ತಂದಳು. ಗಡಿಯಾರದವನು ತನ್ನದನ್ನು ಇಬ್ಬರ ಹಿಂದೆ ಇಟ್ಟು, ಯಾರೋ ತನ್ನ ಭುಜ ಹಿಡಿದುಕೊಂಡು ಕೆಮ್ಮುತ್ತಿದ್ದರು, ಅದು ಯಾರೆಂದು ಈವರೆಗೆ ಗೊತ್ತಾಗಲಿಲ್ಲ ಎಂದ. ಎಂಥ ಕೆಮ್ಮು ಎಂದು ದರ್ಜಿ ಕೇಳಿದ. ಗಡಿಯಾರದವನು ಕೆಮ್ಮಿ ತೋರಿಸಿದ: ಎರಡು ಸಣ್ಣದು, ಒಂದು ಉದ್ದ.

ಮೂವರೂ ಮಗಳ ಮುಖ ನೋಡಿದರು.

"ನಿಮ್ಮಪ್ಪ ಮುಂದೆ ಹೋಗೇ ಇರ್ಲಿಲ್ವಾ," ಎಂದಳು ಅತ್ತೆ.

ಗೋಡೆಯ ಗಡಿಯಾರದಲ್ಲಿ ನಾಲ್ಕು ದಾಟಿತ್ತು. ರೈಲಿನ ಮಾತು ಯಾರೂ ಎತ್ತಲಿಲ್ಲ. ಮಗಳು ಅಪ್ಪನದೆಂದು ಇನ್ನೊಂದು ಚಮಚ ತಂದು ಗಡಿಯಾರದವನ ಕೈಗೆ ಕೊಟ್ಟಳು. ಅವನು ಅದನ್ನು ಉಳಿದ ಮೂರರ ಪಕ್ಕಕ್ಕೆ, ತಾಗುವ ಹಾಗೆ ಒತ್ತಿ ಇಟ್ಟ. ಎಲ್ಲದರ ಬೆನ್ನೂ ಲೋಟದ ಕಡೆಗಿತ್ತು. ನಾಲ್ಕರ ನಡುವೆ ಒಂದು ಬೆರಳು ತೂರಿಸುವಷ್ಟೂ ಜಾಗವಿರಲಿಲ್ಲ.