ಪಕೀರಮ್ಮನ ಮೊಣಕಾಲ ಚಿಪ್ಪು

ಹೊಳಗುಂದದಾಗ ಎಲುಬು ಕೂಡಿಸೋದು ಅಂದ್ರ ಗುರುಶಾಂತಮ್ಮನೇ. ಆಕಿ ಮುಟ್ಟಿದ ಮ್ಯಾಲ ಇನ್ನೊಬ್ಬರ ಬಾಗಿಲಿಗೆ ಹೋದವರಿಲ್ಲ ಅಂತ ಊರೇ ಹೇಳ್ತಿತ್ತು. ಊರು ಮರೆತರ ಆಕಿನೇ ನೆನಪು ಮಾಡ್ತಿದ್ದಳು! ಅಂಥಾಕಿ ಮೊಮ್ಮಗಳು ಪಕೀರಮ್ಮನ ಕಾಲೇ ಕೈಕೊಡಬೇಕೇ? ಹತ್ತು ವರ್ಷದ ಹುಡುಗಿ ಹತ್ತಿ ಹೊಲದಾಗ ಗಕ್ಕನೆ ತಿರುಗಿದರ ಸಾಕು, ಬಲ ಮೊಣಕಾಲ ಚಿಪ್ಪು ಹೊರಮಗ್ಗಲಿಗೆ ಜಾರಿಬಿಡೋದು. ಅಜ್ಜಿ ಕಾಲು ನೀಡಿಸಿ, ಹೆಬ್ಬೆರಳಿಂದ ಒತ್ತಿ ಕೂಡಿಸೋಳು. "ನೋಡ್ರಿ, ನನ್ನ ಕೈಗುಣ!" ಅಂತ ಸೆರಗು ಸಿಗಿಸೋಳು.

ಎರಡು ವರ್ಷದಾಗ ಹೀಗೆ ಹದಿನೇಳು ಸಲ. ಕಡೀ ಸಲ ಹುಡುಗಿ ಅಳಲಿಲ್ಲ.

"ಅಜ್ಜಿ, ನೀ ಸತ್ತ ಮ್ಯಾಲ ಯಾರು ಕೂಡಿಸ್ತಾರ?" ಅಂತು.

ಗುರುಶಾಂತಮ್ಮ ಚಿಪ್ಪಿನ ಮ್ಯಾಲಿನ ಹೆಬ್ಬೆರಳು ತೆಗೆದಳು. ಕೂಡಿಸಿದ್ದಕ್ಕ ಬೀಗಿದ್ದೇ ಬೀಗಿದ್ದು, ಯಾಕ ಜಾರತೈತಿ ಅಂತ ಒಂದು ದಿನ ಕೇಳಿಕೊಂಡಿರಲಿಲ್ಲ. ಥೂ ನನ್ನ! ಮರುದಿನವೇ ಆದವಾನಿಗೆ ಗಾಡಿ, ಅಲ್ಲಿಂದ ಮದರಾಸಿಗೆ ರೈಲು.

ದೊಡ್ಡಾಸ್ಪತ್ರೆ ಡಾಕ್ಟರು ಆಕಿಗೂ ತಿಳಿಯೋ ತೆಲುಗಿನಾಗ ಬಿಡಿಸಿ ಹೇಳಿದರು. ಚಿಪ್ಪಿನ ಕೆಳಗಿನ ನರದ ಪಟ್ಟಿ ಹೊರಗಡೆ ಎಳೀತೈತಿ; ಅದನ್ನ ಉದ್ದಕ್ಕ ಸೀಳಿ, ಹೊರಗಿನ ಅರ್ಧ ಒಳಮಗ್ಗಲಿಗೆ ಹೊಲೀತೀವಿ. ಬೆಳೆಯೋ ಮಗು, ಎಲುಬು ಮುಟ್ಟೋದಿಲ್ಲ. ಅಷ್ಟು ಕೇಳಿದ ಮ್ಯಾಲೇ ಆಕಿ ಕಾಗದಕ್ಕ ಹೆಬ್ಬೆಟ್ಟು ಒತ್ತಿದ್ದು.

ಆಪರೇಷನ್ ಆಗಿ ಆರು ವಾರಕ್ಕ ಪ್ಲಾಸ್ಟರು ಬಿಚ್ಚಿದರು. "ಮಡಚವ್ವ" ಅಂದರ ಹುಡುಗಿ ಒಲ್ಲೆ ಅಂತು.

"ಅಜ್ಜಿ, ನೀ ಬೆರಳಿಡು."

ಇಟ್ಟೇಬಿಟ್ಟಳು. ಡಾಕ್ಟರು, "ಕೈ ತೆಗೀರಮ್ಮ" ಅಂದರು. ಹುಟ್ಟಿದಾಗಿಂದ ಆಕಿಗೆ ಆ ಮಾತು ಅಂದವರಿಲ್ಲ. ಮೈ ಉರೀತು. ಆದರೂ ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು, "ಮಡಚು, ನನ್ನವ್ವ. ಇನ್ನ ನಾ ಬೇಕಿಲ್ಲ" ಅಂದಳು. ಪಕೀರಮ್ಮ ಹಲ್ಲು ಕಚ್ಚಿ ಮಡಚಿದಳು, ಮೊದಲ ದಿನ ನಾಲ್ಕು ಬೆರಳಷ್ಟು. ಚಿಪ್ಪು ಕದಲಲಿಲ್ಲ. ತಿಂಗಳೊಪ್ಪತ್ತಿಗೆ ಕುಕ್ಕರುಗಾಲಿನಾಗ ಕೂತು ಎದ್ದಳು.

ಊರಿಗೆ ಬಂದಾಗ ಪಕ್ಕದ ಮನೆ ಬಜಾರಪ್ಪ, "ಏನಂದ್ರೂ ನಿನ್ನ ಕೈಗುಣ ಬಿಡಬೇ" ಅಂದ.

"ಬಾಯಿ ಮುಚ್ಚೋ! ನಾ ಹದಿನೇಳು ಸಲ ಕೂಡಿಸಿದೆ, ಆತ ಒಂದೇ ಸಲ ಕೂಡಿಸಿದ. ದೊಡ್ಡಾತ ಆತನೇ" ಅಂದಳು ಗುರುಶಾಂತಮ್ಮ. ಆಮ್ಯಾಲ ಸೆರಗು ಸರಿಮಾಡಿಕೊಂಡು, "ಆದ್ರ ಆತನ ಹತ್ರ ಕರಕೊಂಡು ಹೋದಾಕಿ ಯಾರು? ಅದನ್ನೂ ಹೇಳು ಊರಾಗ!"