ಪಕ್ಕೆಗೆ ಆನಿಸಿದ ಹಣೆ

ಅತ್ತೆ ಮುನಿನಾರಾಯಣಮ್ಮನಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಎಂದು ಹಸು ಮಾರಿಸಿದವಳು ಕಲ್ಪನಳೇ. ಮಾರಿದ ದಿನದಿಂದ ಅತ್ತೆ ತಟ್ಟೆಯ ಮುಂದೆ ಕೂತು ಅನ್ನ ಕೆದಕಿ ಎದ್ದುಬಿಡುತ್ತಿದ್ದಳು. ಬಂಗಾರಪೇಟೆ ಡೈರಿಗೆ ಹಾಲು ಹಾಕಿಯೇ ಮುದುಕಿಯಾದವಳು, ಕೈ ಖಾಲಿಯಾಗಿ ಬೇಜಾರು, ತಾನೇ ಸರಿಹೋಗುತ್ತದೆ ಎಂದ ಕಲ್ಪನಳ ಗಂಡ ಮುನೇಶ್. ಸರಿಹೋಗಲಿಲ್ಲ.

ಚಿಕ್ಕಂದಿನಿಂದ ಕಿವಿ ಸೋರಿ ಸೋರಿ ಅತ್ತೆಗೆ ಈಚೆಗೆ ಹೆಚ್ಚುಕಡಿಮೆ ಏನೂ ಕೇಳಿಸುತ್ತಿರಲಿಲ್ಲ. ಗಂಟಲು ಹರಿಯುವಂತೆ ಕೂಗಿ, ಅದನ್ನೇ ಮತ್ತೆ ಮತ್ತೆ ಹೇಳಬೇಕು. ಯಾರಿಗಿದೆ ಅಷ್ಟು ತಾಳ್ಮೆ? ಸೊಸೆಗಂತೂ ಇರಲಿಲ್ಲ. ಉಣ್ಣು, ಏಳು, ಮಲಗು ಎಂಬ ಕೈಸನ್ನೆಯಲ್ಲೇ ಮನೆಯ ಮಾತುಕತೆ ಮುಗಿಯುತ್ತಿತ್ತು. ಹಾಲು ಕರೆಯುವಾಗ ಅತ್ತೆ ಹಸುವಿನ ಪಕ್ಕೆಗೆ ಹಣೆ ಆನಿಸಿ ಕಣ್ಣು ಮುಚ್ಚುತ್ತಿದ್ದಳು. ಕರೆದು ಮುಗಿದರೂ ಏಳುತ್ತಿರಲಿಲ್ಲ. ಪಾಪ, ಸುಸ್ತಾಗಿ ತೂಕಡಿಸುತ್ತಾಳೆ ಎಂದುಕೊಂಡಳು ಕಲ್ಪನ. ಅದಕ್ಕೇ ಮಾರುವ ಮಾತೆತ್ತಿದ್ದು. ಆ ಮಾತು ನಡೆದದ್ದೂ ಅತ್ತೆಯ ಎದುರಿಗೇ. ಅವಳಿಗೆ ಕೂಗಿ ಹೇಳುವ ಕಷ್ಟವನ್ನು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ.

ಊಟ ಬಿಟ್ಟಳೆಂದು ರಾಬರ್ಟ್‌ಸನ್‌ಪೇಟೆಗೆ ಕರೆದೊಯ್ದಾಗ ಡಾಕ್ಟರು ಕಿವಿಯನ್ನೂ ನೋಡಿದರು. ಒಳಕಿವಿ ಚೆನ್ನಾಗಿದೆ, ಮೂಳೆಯ ಮೂಲಕ ಹೋದರೆ ಶಬ್ದ ಕೇಳಿಸುತ್ತದೆ, ಅಂಥ ಹೆಡ್‌ಫೋನ್ ಬಂದಿದೆ ಎಂದರು. ಮುನೇಶ್ ತರಿಸಿದ. ಕಿವಿಯೊಳಗೆ ತುರುಕುವಂಥದ್ದಲ್ಲ, ಕಿವಿಯ ಮುಂದೆ ಕೆನ್ನೆಯ ಮೂಳೆಗೆ ಒತ್ತಿ ಕೂರುವಂಥದ್ದು. ಎದುರಿನವರ ಮಾತು ಅದಕ್ಕೆ ಹೋಗುವಂತೆ ಮೊಬೈಲಿನಲ್ಲಿ ಏರ್ಪಾಡು ಮಾಡಿಕೊಟ್ಟ. ಕಲ್ಪನ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು "ಅತ್ತೆ" ಎಂದಳು.

ಮುದುಕಿ ಬೆಚ್ಚಿ ಕೆನ್ನೆ ಮುಟ್ಟಿಕೊಂಡಳು. ಆಮೇಲೆ ಅವಳ ಮುಖ ಅರಳಿದ್ದು ನೋಡಿ ಕಲ್ಪನಳಿಗೆ ಹಿಗ್ಗೋ ಹಿಗ್ಗು.

"ಇಂಗೇ ಕಣಮ್ಮ, ಮೂಳೇಲಿ ಕೇಳಿಸ್ತಿತ್ತು," ಎಂದಳು ಅತ್ತೆ. "ಅಸೂ ಪಕ್ಕೆಗೆ ತಲೆ ಕೊಟ್ರೆ ಅದು ಮೆಲುಕು ಆಕೋದು, ಒಟ್ಟೆ ಗುಡುಗುಡು ಅನ್ನೋದು, ಎಲ್ಲಾ. ನಂಗೆ ಕೇಳಿಸ್ತಿದ್ದದ್ದು ಅದೊಂದೇ."

ಕಲ್ಪನಳ ಹಿಗ್ಗು ಅಲ್ಲೇ ಇಳಿದುಹೋಯಿತು. ಅತ್ತೆಯ ಪಾಲಿಗೆ ಉಳಿದಿದ್ದ ಒಂದೇ ಸದ್ದನ್ನು ಅವಳು ಹಗ್ಗದ ಸಮೇತ ದಲ್ಲಾಳಿಯ ಕೈಗೆ ಕೊಟ್ಟಿದ್ದಳು. ಕರುಣೆ ತೋರಿಸುತ್ತಿದ್ದೇನೆಂದು ಬೀಗಿದ್ದೂ ನೆನಪಾಗಿ ನಾಚಿಕೆಯಾಯಿತು. ಮುನೇಶ್ ಅಂಗಳಕ್ಕೆ ಹೋಗಿ ದಲ್ಲಾಳಿಗೆ ಫೋನ್ ಮಾಡಿದ. ಹಸು ಕೈ ಬದಲಾಗಿ ಆಂಧ್ರದ ಕಡೆ ಹೋಗಿತ್ತು, ಯಾವ ಊರೋ ಅವನಿಗೂ ಗೊತ್ತಿರಲಿಲ್ಲ. ಮುನೇಶ್ ಬಾಗಿಲಲ್ಲಿ ನಿಂತು ಹೆಂಡತಿಗೆ ಇಲ್ಲವೆಂದು ತಲೆಯಾಡಿಸಿದ.

"ಅದುನ್ನ ವಾಪಸ್ ಇಡ್ಕೊಂಡ್ ಬರಾಕ್ ಆಯ್ತದಾ?" ಅತ್ತೆ ಕೇಳಿದಳು.

ಕಲ್ಪನಳಿಗೆ ಅತ್ತೆಯೊಂದಿಗೆ ಕೂಗಿಯೇ ಅಭ್ಯಾಸ. ಈಗ ಮೊಬೈಲನ್ನು ಮತ್ತೆ ಬಾಯಿಯ ಹತ್ತಿರ ತಂದಳು. "ಇಲ್ಲ ಅತ್ತೆ, ಇನ್ನ ಸಿಗಲ್ಲ," ಎಂದು ಪಿಸುಗುಟ್ಟಿದಳು.

ಎರಡನೇ ಸಲ ಹೇಳಬೇಕಾಗಲಿಲ್ಲ.