ನಾಲಾ ಆಗ್ಯದ

ಗ್ರಾಮಸಭೆಯಲ್ಲಿ ಕುಮ್ಮರಿಗಲ್ಲಿಯವರು ಕೈ ಎತ್ತಿದ್ದು ಆಂಡಾಳುವಿನ ಮಾತು ನಂಬಿ. ಈಗ ಅದೇ ಗಲ್ಲಿ ಅವಳಿಗೆ ಹಿಡಿಶಾಪ ಹಾಕುತ್ತಿತ್ತು. ಹಾಕದೆ ಇನ್ನೇನು ಮಾಡಿಯಾರು?

ಗಲ್ಲಿಯ ಮೇಲುಭಾಗದ ಹೊಲಗಳನ್ನು ಹೈದರಾಬಾದಿನ ಮಾಲಕನೊಬ್ಬ ಕೊಂಡು ವೆಂಚರ್, ಅಂದರೆ ಮನೆ ಪ್ಲಾಟುಗಳ ಬಡಾವಣೆ, ಹಾಕಲು ಹೊರಟಿದ್ದ; ಅದಕ್ಕೆ ಗ್ರಾಮಸಭೆಯ ಒಪ್ಪಿಗೆ ಬೇಕಿತ್ತು. ಮನೆ ಒಂದೂ ಎದ್ದಿರಲಿಲ್ಲ. ರಸ್ತೆ, ಬಣ್ಣದ ಬಾವುಟ, ಸುತ್ತ ಗೋಡೆ, ಅಷ್ಟೆ. ಹೊಲಗಳ ನಡುವಿನ ಹಳ್ಳಕ್ಕೆ ಮಣ್ಣು ತುಂಬಿ ಮಟ್ಟ ಮಾಡಿದ್ದರು. ಮಳೆನೀರು ಇನ್ನು ಎಲ್ಲಿಗೆ ಹೋಗ್ತದೆ ಎಂದು ಪಕ್ಕದ ಮನೆಯ ಬುಚ್ಚವ್ವ ಸಭೆಯಲ್ಲಿ ಕೇಳಿದಾಗ ಆಂಡಾಳು ಎದ್ದು ನಿಂತಿದ್ದಳು.

"ನನ್ನ ತಮ್ಮ ನರ್ಸಿಮ್ಲು ಅಲ್ಲೇ ಪ್ಲಾಟ್ ಮಾರ್ತಾನ. ಅವನಿಗಿ ಕೇಳೀನಿ. ನಾಲಾ ಆಗ್ಯದ ಅಂದಾನ."

ಮೊದಲ ದೊಡ್ಡ ಮಳೆಗೇ ನಿಜ ಬಯಲಾಯಿತು. ವೆಂಚರಿನ ಗೋಡೆಯ ಬುಡದಲ್ಲಿ ಬಿಟ್ಟಿದ್ದ ಕಿಂಡಿಯಿಂದ ಕೆಂಪು ನೀರು ನೇರ ಗಲ್ಲಿಗೆ ನುಗ್ಗಿತು. ಆಂಡಾಳುವಿನ ಹಿಟ್ಟಿನ ಗಿರಣಿಯ ಮೋಟಾರು ಸುಟ್ಟುಹೋಯಿತು, ಜನ ಬೀಸಲು ಇಟ್ಟುಹೋಗಿದ್ದ ಜೋಳ ಮೂಟೆಯಲ್ಲೇ ಮೊಳೆಯಿತು. ಗಂಡ ಸತ್ತ ಮೇಲೆ ಅವಳಿಗೆ ಅನ್ನ ಹಾಕಿದ್ದು ಆ ಗಿರಣಿಯೇ. ಇಂಥದೇ ಇನ್ನೊಂದು ಮಳೆ ಬಂದರೆ ಅದರ ಮಣ್ಣುಗೋಡೆಯೂ ನಿಲ್ಲುವಂತಿರಲಿಲ್ಲ.

"ನಿನ್ನ ತಮ್ಮನ ನಾಲಾ ನಮ್ಮ ಒಲಿ ತನಕ ಬಂದದ, ಬಂದು ನೋಡವ್ವ," ಎಂದು ಬುಚ್ಚವ್ವ ನಡುಬೀದಿಯಲ್ಲಿ ನಿಂತು ಕೂಗಿದಳು.

ಆಂಡಾಳು ಸೆರಗು ಸಿಕ್ಕಿಸಿಕೊಂಡು ವೆಂಚರಿಗೆ ಹೋದಳು. ನರ್ಸಿಮ್ಲು ಬಿಳಿ ಅಂಗಿ ತೊಟ್ಟು ಶಾಮಿಯಾನದ ಕೆಳಗೆ ಚಹಾ ಕುಡಿಯುತ್ತಿದ್ದ.

"ನಾಲಾ ಎಲ್ಲದಲೇ? ತೋರ್ಸು."

ಅವನು ನಕ್ಕ. "ಅಯ್ಯ ಅಕ್ಕಾ, ನಮ್ಮ ಧಂಧೆದಾಗ ನಾಲಾ ಅಂದ್ರ ಮೋರಿ ಅಲ್ಲ. ಹೊಲ ಇದ್ದದ್ದು ಮನಿ ಜಾಗ ಮಾಡ್ಲಾಕ ಸರ್ಕಾರ ಕೊಡೋ ಪರವಾನಗಿ. ಅದಕ್ಕ ನಾಲಾ ಅಂತಾರ. ಅದು ಆಗ್ಯದ."

"ನಾ ಕೇಳಿದ್ದು ನೀರು ಹೋಗೋ ನಾಲಾ ಅಂತ ನಿನಗ ಗೊತ್ತಿದ್ದಿಲ್ಲೇನು?"

"ನೀ ನಾಲಾ ಅಂದಿ, ನಾ ಆಗ್ಯದ ಅಂದೆ. ಸುಳ್ಳೆಲ್ಲಿ ಹೇಳೀನಿ?"

ಎಷ್ಟು ನಯವಾದ ಮಾತು! ತಾಯಿ ಸತ್ತಾಗ ಇನ್ನೂ ಅಂಬೆಗಾಲಿಡುತ್ತಿದ್ದ ಇವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಆ ನಗುಮೊಗಕ್ಕೆ ಚಪ್ಪಲಿಯಿಂದ ಬಾರಿಸಬೇಕೆನಿಸಿತು. ಬಾರಿಸದೆ ತಿರುಗಿ ಬಂದಳು. ಮೋಟಾರು ಸುಟ್ಟದ್ದಕ್ಕಿಂತ ಆ ನಗು ಹೆಚ್ಚು ಉರಿಯುತ್ತಿತ್ತು.

ರಾಖಿ ಹುಣ್ಣಿಮೆ ರಜೆಯ ದಿನವಾದ್ದರಿಂದ ಮಾಲಕ ಅಂದೇ ಪ್ಲಾಟ್ ಕೊಳ್ಳುವವರನ್ನು ಕಾರುಗಳಲ್ಲಿ ಕರೆತರುವವನಿದ್ದ. ಮುಂಜಾನೆಯಿಂದಲೇ ಮೋಡ ಕವಿದಿತ್ತು. ಆಂಡಾಳು ಬುಚ್ಚವ್ವನ ಬಾಗಿಲಿಗೆ ಹೋಗಿ ಒಂದೇ ಮಾತು ಹೇಳಿದಳು.

"ಊರು ಕೊಳ್ಳೆ ಹೊಡೆದ ಮ್ಯಾಲ ಕೋಟೆ ಬಾಗ್ಲಾ ಹಾಕಿದ್ರಂತ," ಎಂದು ಬುಚ್ಚವ್ವ ಮೂತಿ ತಿರುವಿದಳು. ಆದರೂ ಗುದ್ದಲಿ ತಂದಳು. ಗಲ್ಲಿಯ ಹೆಂಗಸರೂ ಬಂದರು. ಯಾರೂ ಆಂಡಾಳುವಿನ ಮುಖ ನೋಡಲಿಲ್ಲ, ಕೆಲಸ ಮಾತ್ರ ಮಾಡಿದರು.

ಮಳೆ ಜಡಿಯತೊಡಗಿದಾಗ ನರ್ಸಿಮ್ಲು ವರ್ಷವೂ ಬರುವಂತೆ ರಾಖಿ ಕಟ್ಟಿಸಿಕೊಳ್ಳಲು ಅಕ್ಕನ ಮನೆಗೆ ಬಂದ. ಸೀರೆಯ ಪೊಟ್ಟಣ ಮುಂದಿಟ್ಟು, ಚಾಪೆಯ ಮೇಲೆ ಕೂತು, ಮುಂಗೈ ಚಾಚಿದ.

"ಸಿಟ್ಟು ಬಿಡಕ್ಕ. ಮಾಲಕರು ಬಂದಾರ. ಇವತ್ತೊಂದಿನ ಗಲ್ಲಿಯವರು ಗಲಾಟಿ ಮಾಡದಂಗ ನೋಡ್ಕೋ. ನಿನಗೇನು ಬೇಕು ಕೇಳು, ಕೊಡಸ್ತೀನಿ."

"ಮೋರಿ ಬೇಕು. ವೆಂಚರಿಂದ ಕೆರಿ ತನಕ."

"ಮತ್ತ ಅದೇ ರಾಗ. ಅದಕ್ಕ ನಾಕು ಪ್ಲಾಟಿನ ಜಾಗ ಹೋಗ್ತದ, ಮಾಲಕರು ಬಿಡ್ತಾರೇನು?"

ಅವಳು ಹಣೆಗೆ ಕುಂಕುಮ ಇಟ್ಟಳು, ಆರತಿ ಎತ್ತಿದಳು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅತ್ತಲಿನ ಬೈಗುಳ ಆಂಡಾಳುವಿಗೂ ಕೇಳುವಷ್ಟು ಜೋರಾಗಿತ್ತು: ಶಾಮಿಯಾನದಲ್ಲಿ ಮೊಣಕಾಲುದ್ದ ನೀರು, ಕಾರುಗಳು ಕೆಸರಲ್ಲಿ ಹೂತಿವೆ, ಬಂದ ಗಿರಾಕಿಗಳು ಉಗಿಯುತ್ತಿದ್ದಾರೆ, ಗೋಡೆಯ ಕಿಂಡಿಯನ್ನು ಯಾವನೋ ಮುಚ್ಚಿದ್ದಾನೆ.

ನರ್ಸಿಮ್ಲುವಿನ ಮುಖ ಕಪ್ಪಿಟ್ಟಿತು. "ಯಾವನು ಅಂತ ಕೇಳ್ಲಾಕತ್ತಾರ. ಅಕ್ಕಾ, ಏನ್ ಮಾಡಿದ್ರಿ?"

"ಮೊಳಕಿ ಬಂದ ಜೋಳದ ಮೂಟಿ ಇದ್ವಲ್ಲ, ಅವನ್ನ ತುರುಕೀವಿ. ಮ್ಯಾಲ ಸಿಮೆಂಟ್ ಮೆತ್ತೀವಿ."

"ನನ್ನ ಹೊಟ್ಟಿ ಮ್ಯಾಲ ಹೊಡದಿ! ಮಾಲಕರಿಗಿ ಈಗೇನು ಹೇಳ್ಲಿ?"

"ನಾಲಾ ಆಗ್ಯದ ಅಂತ ಹೇಳು. ಸುಳ್ಳೇನಲ್ಲ."

ಅವನ ಮುಂಗೈ ಇನ್ನೂ ಅವಳ ಮುಂದೆಯೇ ಇತ್ತು. ಆಂಡಾಳು ತಟ್ಟೆಯಿಂದ ರಾಖಿ ಎತ್ತಿದಳು, ಕಣ್ಣು ತುಂಬಿತು. ಅದನ್ನು ಮತ್ತೆ ತಟ್ಟೆಗೆ ಹಾಕಿ, ಸೀರೆಯ ಪೊಟ್ಟಣವನ್ನು ಅವನ ತೊಡೆಯ ಮೇಲಿಟ್ಟಳು.

"ಮೋರಿ ತೋಡಿದ ದಿನ ಬಾ. ಕಟ್ತೀನಿ."